ಚಳಿ ಹೆಂಗದ ಕೂಸೆ?

ಗುಂಡ್ಲುಪೇಟೆಯಿಂದ ಊಟಿ ಕಡೆ ಹೋಗುವವರು ನಮ್ಮ ಹಂಗಳದಲ್ಲಿ ಬಲಕ್ಕೆ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಸಿಗುತ್ತದೆ. 1,454 ಮೀಟರ್ ಎತ್ತರ. ಬೆಳಗಿನ ಹೊತ್ತು ಬೆಟ್ಟದ ತಲೆ ಕಾಣುವುದೇ ಅಪರೂಪ, ಮಂಜು ಮುಚ್ಚಿಕೊಂಡಿರುತ್ತದೆ. ಬೆಟ್ಟದ ಹೆಸರಲ್ಲೇ ಹಿಮ ಇದೆಯಲ್ಲ, ಹಾಗಾಗಿ ಚಿಕ್ಕಂದಿನಲ್ಲಿ ನಾನು ಆ ಮಂಜನ್ನೇ ಹಿಮ ಅಂದುಕೊಂಡಿದ್ದೆ. ನಿಜವಾದ ಹಿಮ ನೋಡಿದ್ದು 24ನೇ ವಯಸ್ಸಿನಲ್ಲಿ, 2022ರ ನವೆಂಬರಿನಲ್ಲಿ, ಕೆನಡಾ ದೇಶದ ವಿನ್ನಿಪೆಗ್ ಎಂಬ ಊರಲ್ಲಿ.

ನಾನು ಪತ್ರಿಕೋದ್ಯಮ ಓದಿದವಳಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಬಿಎಸ್ಸಿ ಕೃಷಿ ಓದಿ, ಮಣ್ಣು ವಿಜ್ಞಾನದಲ್ಲಿ ಎಂಎಸ್ಸಿ ಮಾಡಲು ಮ್ಯಾನಿಟೋಬ ವಿಶ್ವವಿದ್ಯಾಲಯಕ್ಕೆ ಹೋದವಳು. ಇಲ್ಲಿ ಬರೆಯುವ ಗೆಳತಿಯೊಬ್ಬಳು, 'ಅಲ್ಲಿನ ಚಳಿ ಬಗ್ಗೆ ಬರಿ, ನಮ್ಮ ಕಡೆ ಹುಡುಗರು ಎಷ್ಟೊಂದು ಜನ ಹೊರಡ್ತಾ ಅವ್ರೆ' ಅಂದಳು. ಬರೆಯಲು ಕೂತಾಗ ಚಳಿಗಿಂತ ಹೆಚ್ಚಾಗಿ ನೆನಪಾಗಿದ್ದು ಆ ಚಳಿಯ ಬಗ್ಗೆ ನಾನು ಮನೆಗೆ ಹೇಳಿದ ಸುಳ್ಳುಗಳು. ಅದನ್ನೇ ಬರೆಯುತ್ತೇನೆ.

ಮೊದಲು ಆ ಚಳಿ ಎಂಥದ್ದು ಅಂತ ಹೇಳಿಬಿಡುತ್ತೇನೆ. ನಮ್ಮೂರಲ್ಲಿ ಮಾಗಿಯ ಬೆಳಗಿನ ಜಾವ 14-15 ಡಿಗ್ರಿಗೆ ಇಳಿದರೆ ನಾವೆಲ್ಲ ಕಂಬಳಿ ಹೊದ್ದು ಒಲೆ ಮುಂದೆ ಕೂರುತ್ತೇವೆ. ಸೊನ್ನೆ ಡಿಗ್ರಿಗೆ ನೀರು ಗಟ್ಟಿಯಾಗುತ್ತದೆ. ಬೇಕರಿಯಲ್ಲಿ ಐಸ್‌ಕ್ರೀಂ ಇಡುವ ದೊಡ್ಡ ಪೆಟ್ಟಿಗೆ ಇರುತ್ತದಲ್ಲ, ಅದರೊಳಗೆ ಸುಮಾರು ಮೈನಸ್ 18. ವಿನ್ನಿಪೆಗ್‌ನಲ್ಲಿ ಜನವರಿ ತಿಂಗಳ ಹಗಲು ರಾತ್ರಿ ಸೇರಿಸಿ ಸರಾಸರಿ ತೆಗೆದರೆ ಮೈನಸ್ 16ರ ಆಸುಪಾಸು. ಅಂದರೆ ಇಡೀ ತಿಂಗಳು ಐಸ್‌ಕ್ರೀಂ ಪೆಟ್ಟಿಗೆಯೊಳಗೆ ಸಂಸಾರ ಮಾಡಿದ ಹಾಗೆ. ಕೆಟ್ಟ ದಿನಗಳಲ್ಲಿ ಮೈನಸ್ 30 ದಾಟುತ್ತದೆ. ಅದರ ಮೇಲೆ ಗಾಳಿ. ಗಾಳಿಯೂ ಸೇರಿದರೆ ಮೈಗೆ ಮೈನಸ್ 40 ಇದ್ದ ಹಾಗೆ ಆಗುತ್ತದೆ. ಆಗ ಮುಚ್ಚದೆ ಬಿಟ್ಟ ಚರ್ಮ ಹತ್ತು ನಿಮಿಷದೊಳಗೆ ಹೆಪ್ಪುಗಟ್ಟಬಹುದು ಅಂತ ಅಲ್ಲಿನ ಹವಾಮಾನ ಇಲಾಖೆ ಎಚ್ಚರಿಕೆ ಕೊಡುತ್ತದೆ.

ಮೂಗಿನೊಳಗಿನ ಕೂದಲು ಗಟ್ಟಿಯಾಗಿ ಚುಚ್ಚುತ್ತದೆ. ಕಣ್ಣಿನ ರೆಪ್ಪೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ರಾತ್ರಿ ನಿಲ್ಲಿಸಿದ ಕಾರುಗಳಿಗೆ ಕರೆಂಟ್ ವೈರ್ ಸಿಕ್ಕಿಸಿರುತ್ತಾರೆ. ಚಾರ್ಜ್ ಮಾಡಲು ಅಲ್ಲ, ಎಂಜಿನ್ ಬೆಚ್ಚಗಿಡಲು. ಊರ ನಡುವೆ ಹರಿಯುವ ರೆಡ್ ನದಿ ಪೂರಾ ಗಟ್ಟಿಯಾಗಿ ಜನ ಅದರ ಮೇಲೆ ನಡೆಯುತ್ತಾರೆ, ಜಾರುವ ಬೂಟು ಹಾಕಿಕೊಂಡು ಆಡುತ್ತಾರೆ, ತೂತು ಕೊರೆದು ಮೀನು ಹಿಡಿಯುತ್ತಾರೆ. ವಿನ್ನಿಪೆಗ್ ಎಂಬ ಹೆಸರು ಅಲ್ಲಿನ ಮೂಲನಿವಾಸಿಗಳಾದ ಕ್ರೀ ಜನರ ಮಾತಿನಿಂದ ಬಂದದ್ದು. ಕೆಸರು ನೀರು ಅಂತ ಅರ್ಥ. ಅದು ಗೊತ್ತಾದ ದಿನ ಯಾಕೋ ಆ ಊರು ಸ್ವಲ್ಪ ಹತ್ತಿರ ಅನಿಸಿತ್ತು.

ಮನೆಯ ಪತ್ರ ಬ್ಯಾಂಕಿನಲ್ಲಿಟ್ಟು ಸಾಲ ತೆಗೆದು ಹೋಗಿದ್ದೆ. ವಿಮಾನದ ಟಿಕೆಟ್ಟಿಗೆ ಅಪ್ಪ ಬೇರೆ ಕೈಸಾಲ ಮಾಡಿದ್ದ. ವಿಶ್ವವಿದ್ಯಾಲಯದವರು ಸಂಶೋಧನೆ ಕೆಲಸಕ್ಕೆ ತಿಂಗಳು ತಿಂಗಳು ದುಡ್ಡು ಕೊಡುತ್ತಿದ್ದರು. ಅದರಲ್ಲಿ ಬಾಡಿಗೆ, ಊಟ, ಫೀಸು ಕಳೆದು ಉಳಿದದ್ದನ್ನು ಊರಿಗೆ ಕಳಿಸಬೇಕು ಅನ್ನುವುದೊಂದೇ ನನ್ನ ತಲೆಯಲ್ಲಿ. ಹಾಗಾಗಿ ಬೆಂಗಳೂರಿನಲ್ಲಿ ಕೊಂಡ ಜಾಕೆಟ್ಟಿನಲ್ಲೇ ಚಳಿಗಾಲ ಕಳೆಯುವುದು ಅಂತ ತೀರ್ಮಾನ ಮಾಡಿದ್ದೆ. ಅಂಗಡಿಯವನು 'ಇದು ಕಾಶ್ಮೀರಕ್ಕೂ ನಡೆಯುತ್ತೆ ಮೇಡಂ' ಅಂದಿದ್ದ. ವಿನ್ನಿಪೆಗ್‌ನಲ್ಲಿ ಒಳ್ಳೆಯ ಕೋಟು ನೋಡಿದೆ. 300 ಡಾಲರ್. ಆಗಿನ ಲೆಕ್ಕಕ್ಕೆ 18 ಸಾವಿರ ರೂಪಾಯಿ ಮೇಲೆ. ಅವ್ವ ಚೆಂಡುಹೂ ಕೊಯ್ಯಲು ಕೂಲಿ ಹೋದರೆ ಎರಡು ತಿಂಗಳ ದುಡಿಮೆ. ಕೋಟನ್ನು ಮುಟ್ಟಿ ನೋಡಿ, ಅದೇ ಜಾಗಕ್ಕೆ ನೇತುಹಾಕಿ ಬಂದೆ.

ನಾನಿದ್ದದ್ದು ಒಂದು ಮನೆಯ ನೆಲಮಾಳಿಗೆಯಲ್ಲಿ. ಬಾಡಿಗೆ ಕಡಿಮೆ. ನೆಲದ ಮಟ್ಟಕ್ಕಿರುವ ಒಂದು ಪುಟ್ಟ ಕಿಟಕಿ, ಅದೂ ಡಿಸೆಂಬರ್ ಹೊತ್ತಿಗೆ ಹಿಮದಲ್ಲಿ ಮುಚ್ಚಿಹೋಯಿತು. ಮನೆ ಬೆಚ್ಚಗಿಡುವ ಯಂತ್ರದ ಗುಂಡಿಗೆ ಮಾಲೀಕರು ಒಂದು ಪೆಟ್ಟಿಗೆ ಹಾಕಿ ಬೀಗ ಜಡಿದಿದ್ದರು. ರಾತ್ರಿ ಸ್ವೆಟರ್ ಹಾಕಿಕೊಂಡೇ ಮಲಗುತ್ತಿದ್ದೆ. ಜೊತೆಯಲ್ಲಿ ನೈಜೀರಿಯಾದಿಂದ ಬಂದ ಒಬ್ಬ ಅಕ್ಕ ಇದ್ದರು, ನರ್ಸಿಂಗ್ ಓದುತ್ತಿದ್ದರು. ಅವರಿಗೂ ಅದೇ ಮೊದಲ ಚಳಿಗಾಲ.

ದಿನಾ ಬೆಳಿಗ್ಗೆ ಎಂಟಕ್ಕೆ ಅವ್ವನ ಫೋನು ಬರುತ್ತಿತ್ತು. ಊರಲ್ಲಿ ಆಗ ಸಂಜೆ ಏಳೂವರೆ. ಕೇಳುತ್ತಿದ್ದದ್ದು ಎರಡೇ ಮಾತು.

"ಉಂಡ್ಯಾ ಕೂಸೆ?"

"ಉಂಡೆ ಕನವ್ವ."

"ಚಳಿ ಹೆಂಗದ?"

"ಅಷ್ಟೊಂದ್ ಇಲ್ಲ ಬುಡು. ಮನೆ ಒಳಗೆಲ್ಲ ಬೆಚ್ಚಗದ."

ಇದು ನಮ್ಮ ಮಾತುಕತೆ. ನಾನು ಅವ್ವನನ್ನು 'ಅಪ್ಪ ಎಲ್ಲಿ' ಅಂತ ಕೇಳಿದರೆ, 'ಕಾವಲಿಗೆ ಹೋಗವ್ರೆ' ಅನ್ನುತ್ತಿದ್ದಳು. ಬಂಡೀಪುರ ಕಾಡಿನ ಅಂಚಿನ ಊರುಗಳವರಿಗೆ ಇದನ್ನು ವಿವರಿಸಬೇಕಿಲ್ಲ. ರಾಗಿ, ಹುರುಳಿ ಕಟಾವಾಗುವವರೆಗೆ ಗಂಡಸರು ರಾತ್ರಿ ಮನೆಯಲ್ಲಿ ಮಲಗುವುದಿಲ್ಲ. ಆನೆ, ಹಂದಿ ಬರುತ್ತವೆ. ಹೊಲದಲ್ಲಿ ಅಟ್ಟಣೆ ಕಟ್ಟಿಕೊಂಡು, ಬೆಂಕಿ ಹಾಕಿಕೊಂಡು, ಬ್ಯಾಟರಿ ಹಿಡಿದು ಕೂಗುತ್ತ ಬೆಳಗು ಮಾಡುತ್ತಾರೆ. ಚಿಕ್ಕವಳಿದ್ದಾಗ ನಾನೂ ಅಪ್ಪನಿಗೆ ಬುತ್ತಿ ಹೊತ್ತು ಅಟ್ಟಣೆಗೆ ಹೋಗಿದ್ದೇನೆ. ಹಾಗಾಗಿ ಆ ಮಾತಿನಲ್ಲಿ ನನಗೇನೂ ಅನುಮಾನ ಬರಲಿಲ್ಲ.

ಡಿಸೆಂಬರ್ ಮೂರನೇ ವಾರ. ಕ್ರಿಸ್‌ಮಸ್ ರಜೆ ಶುರುವಾಗಿ ಕ್ಯಾಂಪಸ್ ಖಾಲಿ ಆಗಿತ್ತು. ಮನೆಯಲ್ಲಿ ಅಕ್ಕಿ ಮುಗಿದಿತ್ತು. ಅಂಗಡಿ ಎರಡು ಕಿಲೋಮೀಟರ್. ಬರುವಾಗ ಬಸ್ಸು ತಪ್ಪಿತು, ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಅಂತ ಫೋನಿನಲ್ಲಿ ನೋಡಲು ಬಲಗೈ ಗವುಸು ತೆಗೆದೆ. ಚಳಿಗೆ ಫೋನಿನ ಬ್ಯಾಟರಿ ಅಲ್ಲೇ ಸತ್ತುಹೋಯಿತು. ಎರಡು ಕಿಲೋಮೀಟರ್ ತಾನೆ, ನಮ್ಮೂರಿಂದ ಹೊಲಕ್ಕೆ ಹೋದ ಹಾಗೆ ಅಂತ ನಡೆಯಲು ಶುರು ಮಾಡಿದೆ. ಹತ್ತಿ ನೂಲಿನ ಗವುಸು, ಎರಡೂ ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಎದುರು ಗಾಳಿ. ಮೊದಲು ಬೆರಳು ಉರಿಯಿತು. ಆಮೇಲೆ ನೋವಾಯಿತು. ಆಮೇಲೆ ನೋವು ನಿಂತುಹೋಯಿತು. ಸದ್ಯ, ಅಭ್ಯಾಸ ಆಯಿತು ಅಂದುಕೊಂಡೆ. ಅದೇ ಅಪಾಯದ ಗುರುತು ಅಂತ ನನಗೆ ಯಾರೂ ಹೇಳಿರಲಿಲ್ಲ.

ಮನೆಗೆ ಬಂದು ಗವುಸು ತೆಗೆದರೆ ಬಲಗೈಯ ಕಿರುಬೆರಳು, ಉಂಗುರ ಬೆರಳು ಮೇಣದ ಹಾಗೆ ಬಿಳಿಚಿಕೊಂಡಿದ್ದವು. ಮುಟ್ಟಿದರೆ ಗೊತ್ತಾಗುತ್ತಿರಲಿಲ್ಲ. ನಾನು ನಮ್ಮೂರಲ್ಲಿ ಮಾಡುವ ಹಾಗೆ ಮಾಡಿದೆ. ಗಸಗಸ ಉಜ್ಜಿದೆ. ಕರೆಂಟ್ ಒಲೆ ಹಚ್ಚಿ ಅದರ ಮೇಲೆ ಕೈ ಹಿಡಿದೆ. ಎರಡೂ ತಪ್ಪು. ಹೆಪ್ಪುಗಟ್ಟಿದ ಚರ್ಮವನ್ನು ಉಜ್ಜಿದರೆ ಒಳಗೆ ಹರಿಯುತ್ತದೆ. ಸ್ಪರ್ಶವಿಲ್ಲದ ಬೆರಳನ್ನು ಬೆಂಕಿಗೆ ಹಿಡಿದರೆ ಸುಟ್ಟರೂ ಗೊತ್ತಾಗುವುದಿಲ್ಲ. ಒದ್ದೆ ಬಟ್ಟೆ ತೆಗೆದು, ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಬೇಕು, ಇಲ್ಲವೇ ಮೈ ಬಿಸಿಯಷ್ಟಿರುವ ಉಗುರುಬೆಚ್ಚಗಿನ ನೀರಲ್ಲಿ ಅದ್ದಬೇಕು, ಆಸ್ಪತ್ರೆಗೆ ಹೋಗಬೇಕು. ಇದನ್ನೆಲ್ಲ ನಾನು ಕಲಿತದ್ದು ಬೆರಳಿನ ಮೇಲೆ ದೊಡ್ಡ ದೊಡ್ಡ ಬೊಬ್ಬೆ ಎದ್ದಮೇಲೆ, ನರ್ಸ್ ಬಾಯಲ್ಲಿ ಬೈಸಿಕೊಂಡು.

ಆಸ್ಪತ್ರೆಗೆ ಎಳೆದುಕೊಂಡು ಹೋದದ್ದು ನೈಜೀರಿಯಾದ ಆ ಅಕ್ಕ. ನಾನು ಬಿಲ್ಲಿಗೆ ಹೆದರಿ ಬರುವುದಿಲ್ಲ ಅಂದಿದ್ದೆ. 'ನಿನ್ನ ಫೀಸಿನಲ್ಲೇ ವಿಮೆ ದುಡ್ಡು ಹಿಡಿದಿದ್ದಾರಲ್ಲ, ನೋಡಿಲ್ವಾ?' ಅಂದರು. ನೋಡಿರಲಿಲ್ಲ. ನಾಲ್ಕು ತಿಂಗಳಿಂದ ದುಡ್ಡು ಕಟ್ಟಿ, ಅದು ಇದೆ ಅಂತಲೇ ಗೊತ್ತಿಲ್ಲದೆ ಕೂತಿದ್ದೆ.

ಬೆರಳು ಕತ್ತರಿಸುವ ಸ್ಥಿತಿ ಬರಲಿಲ್ಲ. ಆದರೆ ಕಪ್ಪಗಾದ ಚರ್ಮ ಉದುರಿ ಹೊಸದು ಬರಲು ವಾರಗಟ್ಟಲೆ ಬೇಕಾಯಿತು. ಅಷ್ಟು ದಿನ ಎಡಗೈಯಲ್ಲಿ ಫೋನ್ ಹಿಡಿದು, ಮುಖ ಮಾತ್ರ ಕಾಣುವ ಹಾಗೆ ವಿಡಿಯೋ ಕಾಲ್ ಮಾಡುತ್ತಿದ್ದೆ.

"ಚಳಿ ಹೆಂಗದ ಕೂಸೆ?"

"ಏನಿಲ್ಲ ಕನವ್ವ."

ಬೆರಳಿಗಿಂತ ಕಷ್ಟವಾದದ್ದು ಕತ್ತಲೆ. ಇದನ್ನು ಯಾರೂ ಹೇಳುವುದಿಲ್ಲ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಎಂಟೂವರೆ ಹತ್ತಿರ, ಮುಳುಗುವುದು ಸಂಜೆ ನಾಲ್ಕೂವರೆಗೆ. ಲ್ಯಾಬಿಗೆ ಹೋಗುವಾಗ ಕತ್ತಲೆ, ಬರುವಾಗ ಕತ್ತಲೆ, ಮನೆ ನೆಲದೊಳಗೆ. ಎದ್ದು ಮುಖ ತೊಳೆಯುವುದೇ ದೊಡ್ಡ ಕೆಲಸ ಅನಿಸತೊಡಗಿತು. ಊಟ ರುಚಿಸುತ್ತಿರಲಿಲ್ಲ. ಊರಿಂದ ತಂದಿದ್ದ ರಾಗಿ ಹಿಟ್ಟು ಡಬ್ಬಿಯಲ್ಲಿ ಹಾಗೇ ಇತ್ತು, ಮುದ್ದೆ ಕಟ್ಟಲು ಮನಸ್ಸಿಲ್ಲ, ಕೈಯೂ ಇಲ್ಲ. ಸುಮ್ಮನೆ ಕೂತಿದ್ದಾಗ ಕಣ್ಣಲ್ಲಿ ನೀರು ಬರುತ್ತಿತ್ತು. ನಾನು ಸೋಮಾರಿ ಆಗುತ್ತಿದ್ದೇನೆ, ಅಪ್ಪನ ಸಾಲ ಹಾಳು ಮಾಡುತ್ತಿದ್ದೇನೆ ಅಂತ ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ನಾನು ಓದಿದ ಹಾಸ್ಟೆಲಿನ ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ ಇತ್ತು. 1913ರಿಂದ 1916ರವರೆಗೆ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದರು, ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಲ್ಲಿ. ಅಲ್ಲೂ ಹಿಮ ಬೀಳುತ್ತದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಿಂದ ಬಂದ ಎಚ್. ನರಸಿಂಹಯ್ಯನವರು ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದಿ 1960ರಲ್ಲಿ ಪಿಎಚ್.ಡಿ. ಪಡೆದು ಬಂದವರು, ಆಮೇಲೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆದರು. ಅವರೆಲ್ಲ ಇದ್ದು ಬಂದಿಲ್ಲವಾ, ನಿನಗೇನು ಧಾಡಿ ಅಂತ ಆ ದಿನಗಳಲ್ಲಿ ನನಗೆ ನಾನೇ ಹೇಳಿಕೊಂಡೆ. ಅದರಿಂದ ಧೈರ್ಯ ಬರಲಿಲ್ಲ, ನಾಚಿಕೆ ಮಾತ್ರ ಹೆಚ್ಚಾಯಿತು. ಅವರ ಕಾಲದಲ್ಲಿ ಊರಿಗೆ ಒಂದು ಕಾಗದ ಮುಟ್ಟಲು ವಾರಗಳೇ ಬೇಕಿತ್ತು. ನನ್ನ ಕೈಯಲ್ಲಿ ಅವ್ವನ ಮುಖ ಕಾಣುವ ಫೋನು ಇತ್ತು. ಆದರೂ ನಾನು ಅವಳಿಗೆ ಏನೂ ಹೇಳಿರಲಿಲ್ಲ.

ಆಮೇಲೆ ಸಂಕ್ರಾಂತಿ ಬಂತು. 2023ರ ಜನವರಿ 15, ಭಾನುವಾರ. ನಮ್ಮ ಕಡೆ ಸಂಕ್ರಾಂತಿ ಅಂದರೆ ಎಳ್ಳು ಬೆಲ್ಲಕ್ಕಿಂತ ಸಂಜೆಯ ಕಿಚ್ಚು ದೊಡ್ಡದು. ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಬೆಂಕಿ ದಾಟಿಸುತ್ತಾರೆ. ನನಗೆ ಬುದ್ಧಿ ಬಂದಾಗಿನಿಂದ ನಮ್ಮ ಎತ್ತುಗಳನ್ನು ಕಿಚ್ಚು ಹಾಯಿಸುವುದು ಅಪ್ಪನೇ. ಲುಂಗಿ ಎತ್ತಿ ಕಟ್ಟಿಕೊಂಡು, ಎರಡೂ ಎತ್ತಿನ ಹಗ್ಗ ಹಿಡಿದು, ಬೆಂಕಿ ಮೇಲೆ ಓಡುತ್ತಾನೆ. ಅದನ್ನು ನೋಡಲೇಬೇಕು ಅಂತ ಬೆಳಿಗ್ಗೆ ಏಳಕ್ಕೆ, ಅಂದರೆ ಊರಲ್ಲಿ ಸಂಜೆ ಆರೂವರೆಗೆ, ತಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ನನ್ನ ಕಿಟಕಿಯಲ್ಲಿ ಹಿಮ ಮತ್ತು ಕತ್ತಲೆ. ಫೋನಿನಲ್ಲಿ ಬೆಂಕಿ, ತಮಟೆ, ಜನ.

ನಮ್ಮ ಎತ್ತು ಬಂದವು. ಹಗ್ಗ ಹಿಡಿದು ಓಡಿದ್ದು ಪಕ್ಕದ ಮನೆಯ ಹುಡುಗ.

"ಅಪ್ಪ ಎಲ್ಲೋ?" ಅಂದೆ.

ತಮ್ಮ ಫೋನನ್ನು ಬೇರೆ ಕಡೆ ತಿರುಗಿಸಿ, "ಇಲ್ಲೇ ಎಲ್ಲೋ ಅವ್ರೆ ಬುಡಕ್ಕ" ಅಂದ. ಅವ್ವ ಬಂದು "ಹೊಲ್ತಾವಕ್ಕೆ ಹೋಗವ್ರೆ" ಅಂದಳು. ಸಂಕ್ರಾಂತಿ ಕಿಚ್ಚು ಬಿಟ್ಟು ಹೊಲಕ್ಕಾ? ಅಷ್ಟರಲ್ಲಿ ಪಕ್ಕದ ಮನೆಯ ಏಳು ವರ್ಷದ ಪುಟ್ಟಿ ಫೋನಿಗೆ ಮುಖ ಒಡ್ಡಿ, "ದೊಡ್ಡಪ್ಪನ ಕಾಲ್ಗೆ ಬಿಳೇ ಪಟ್ಟಿ ಹಾಕವ್ರೆ ಅಕ್ಕಾ, ನಾನು ಅದ್ರ ಮ್ಯಾಲೆ ಹೂ ಬರ್ದಿವ್ನಿ" ಅಂದಳು.

ನಾನು ಕೂಗಾಡಿದೆ. ತಮ್ಮ ಫೋನ್ ತೆಗೆದುಕೊಂಡು ಮನೆಯೊಳಗೆ ಹೋದ. ಅಪ್ಪ ಮಂಚದ ಮೇಲೆ ಕಾಲು ಚಾಚಿ ಕೂತಿದ್ದ. ಮೊಣಕಾಲಿನವರೆಗೆ ಪ್ಲಾಸ್ಟರ್. ಅದರ ಮೇಲೆ ನಿಜವಾಗಿಯೂ ನೀಲಿ ಪೆನ್ನಿನಲ್ಲಿ ಬರೆದ ಹೂ ಇತ್ತು.

ಒಂದು ತಿಂಗಳ ಹಿಂದೆ ಆಗಿತ್ತು. ಹುರುಳಿ ಹೊಲದ ಕಾವಲು. ಬೆಳಗಿನ ಜಾವ ಆನೆ ಸದ್ದು ಕೇಳಿ ಅಟ್ಟಣೆಯಿಂದ ಇಳಿಯಲು ಹೋಗಿದ್ದಾನೆ. ರಾತ್ರಿಯೆಲ್ಲ ಬರಿಗಾಲಲ್ಲಿ ಕೂತು ಚಳಿಗೆ ಕಾಲು ಮರಗಟ್ಟಿತ್ತು. ಮೆಟ್ಟಿಲಿನ ಮೇಲೆ ಪಾದ ಊರಿದೆಯೋ ಇಲ್ಲವೋ ಗೊತ್ತಾಗಲಿಲ್ಲವಂತೆ. ಮೇಲಿಂದ ಬಿದ್ದು ಕಾಲಿನ ಮೂಳೆ ಮುರಿದಿತ್ತು. 'ಕೂಸು ಅಲ್ಲಿ ಒಂದೇ ಅದ, ಹೇಳ್ಬ್ಯಾಡಿ' ಅಂತ ಅಪ್ಪ ಎಲ್ಲರ ಬಾಯಿ ಕಟ್ಟಿಸಿದ್ದ.

ನನಗೆ ಸಿಟ್ಟು ಬಂತು. ನನ್ನಿಂದ ಮುಚ್ಚಿಟ್ಟಿರಲ್ಲ, ನಾನೇನು ಹೊರಗಿನವಳಾ ಅಂತ ಅತ್ತುಕೊಂಡು ಬೈದೆ. ಬೈಯುವಾಗ ಕಣ್ಣೊರೆಸಲು ಬಲಗೈ ಎತ್ತಿದೆ. ಅವ್ವ ನೋಡಿಬಿಟ್ಟಳು.

"ಅದೇನ್ ಕೂಸೆ ಬೆರಳು? ಕರ್ರಗೆ ಅದಲ್ಲ?"

ಆಮೇಲೆ ಸುಳ್ಳು ಹೇಳಲು ಏನೂ ಉಳಿದಿರಲಿಲ್ಲ. ಜಾಕೆಟ್ಟು, ಕೋಟಿನ ಬೆಲೆ, ಬೀಗ ಹಾಕಿದ ಪೆಟ್ಟಿಗೆ, ಕಿಟಕಿ, ಅಳು, ಎಲ್ಲ ಹೇಳಿದೆ. ಅವ್ವ ಸೆರಗು ಬಾಯಿಗಿಟ್ಟುಕೊಂಡು ಕೂತಳು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ನಂಗೆ ಕಾಲ್ಗೆ ಹಿಡೀತು, ನಿಂಗೆ ಕೈಗೆ ಹಿಡೀತು. ಇಬ್ರೂ ಒಂದೇ ಕನ, ದುಡ್ಡು ಉಳ್ಸಕ್ಕೋದೋ."

ನಾನು ಅದನ್ನು ಎಷ್ಟೋ ದಿನ ಯೋಚಿಸಿದ್ದೇನೆ. ಅಲ್ಲಿದ್ದಾಗ ನಮ್ಮೂರ ಮಾಗಿಯನ್ನು ನೆನೆದು ನಗುತ್ತಿದ್ದೆ, ಅದೂ ಒಂದು ಚಳಿಯಾ ಅಂತ. ಆದರೆ ಆ 14-15 ಡಿಗ್ರಿ ಅಪ್ಪನ ಕಾಲು ಮುರಿದಿತ್ತು. ಮೈನಸ್ 30ರಲ್ಲಿ ಅಲ್ಲಿನ ಮಕ್ಕಳು ಸ್ಕೂಲಿಗೆ ಹೋಗಿ ಬರುತ್ತವೆ. ಚಳಿ ಎಷ್ಟು ಡಿಗ್ರಿ ಅನ್ನುವುದಕ್ಕಿಂತ, ಕಾಲಿಗೆ ಏನಿದೆ, ಮೈಮೇಲೆ ಏನಿದೆ, ಎಷ್ಟು ಹೊತ್ತು ಅದರಲ್ಲಿ ನಿಲ್ಲಬೇಕು ಅನ್ನುವುದು ಮುಖ್ಯ. ನಾವಿಬ್ಬರೂ ಆ ಖರ್ಚನ್ನೇ ಉಳಿಸಿದ್ದೆವು.

ಅವತ್ತು ಅಳು ಎಲ್ಲ ಮುಗಿದ ಮೇಲೆ ಅಪ್ಪ ಕೇಳಿದ ಪ್ರಶ್ನೆ ರೈತನದ್ದು: "ಅಲ್ಲ, ಅಂಥ ಚಳೀಲಿ ಪೈರು ಹೆಂಗ್ ಬದುಕ್ತದೆ?"

ಅದು ನನ್ನ ಓದಿಗೆ ಸಂಬಂಧಪಟ್ಟ ವಿಷಯ. ಅಲ್ಲಿ ಹೆಚ್ಚಿನ ಗೋಧಿ ಬಿತ್ತುವುದು ಹಿಮ ಕರಗಿದ ಮೇಲೆ. ಆದರೆ ಚಳಿಗಾಲದ ಗೋಧಿ ಅಂತ ಒಂದು ಜಾತಿ ಇದೆ. ಅದನ್ನು ಸೆಪ್ಟೆಂಬರ್ ಹೊತ್ತಿಗೆ ಬಿತ್ತುತ್ತಾರೆ. ಮೊಳಕೆ ಬಂದು, ನಾಲ್ಕು ಎಲೆ ಬಿಟ್ಟು, ಹಿಮದ ಕೆಳಗೆ ನಿದ್ದೆ ಹೋಗುತ್ತದೆ. ಬೇಸಿಗೆಗೆ ಎದ್ದು ಬೆಳೆದು ಆಗಸ್ಟ್ ಹೊತ್ತಿಗೆ ಕಟಾವಿಗೆ ಬರುತ್ತದೆ. ಅದನ್ನು ಕಾಪಾಡುವುದೇ ಹಿಮ. ನಾಲ್ಕು ಇಂಚು ಹಿಮ ಮೇಲೆ ಕೂತಿದ್ದರೆ ಸಾಕು, ಗಾಳಿಯಲ್ಲಿ ಮೈನಸ್ 30 ಇದ್ದರೂ ಬುಡದ ಹತ್ತಿರ ಅಷ್ಟು ಇಳಿಯುವುದಿಲ್ಲ. ಹಿಮದೊಳಗೆ ಸಿಕ್ಕಿಕೊಂಡ ಗಾಳಿ ನೆಲದ ಬಿಸಿಯನ್ನು ಬಿಟ್ಟುಕೊಡುವುದಿಲ್ಲ. ಪೈರು ಸಾಯುವುದು ಹಿಮ ಬಿದ್ದ ವರ್ಷವಲ್ಲ, ಹಿಮ ಬೀಳದೆ ಬರೀ ಚಳಿ ಹೊಡೆದ ವರ್ಷ. ಅದಕ್ಕೇ ರೈತರು ಹಿಂದಿನ ಬೆಳೆಯ ಕೂಳೆಯನ್ನು ಕೀಳದೆ, ಉಳದೆ, ಅದರ ಮಧ್ಯೆಯೇ ಬಿತ್ತುತ್ತಾರೆ. ನಿಂತ ಕೂಳೆ ಹಿಮವನ್ನು ಹಾರಿಹೋಗದ ಹಾಗೆ ಹಿಡಿದಿಡುತ್ತದೆ.

ಅಪ್ಪ ಕೇಳಿಸಿಕೊಂಡು, "ಹಂಗಾರೆ ಅದು ಕಂಬ್ಳಿ ಕನ" ಅಂದ. ಆಮೇಲೆ, "ಪೈರಿಗೇ ಕಂಬ್ಳಿ ಬೇಕು. ನೀ ನಾಳೆ ಹೋಗಿ ಆ ಕೋಟು ತಕ್ಕೋ" ಅಂದ.

ಮಾರನೇ ದಿನ ಲ್ಯಾಬಿನಲ್ಲಿ ನನ್ನ ಜೊತೆ ಕೆಲಸ ಮಾಡುವ, ಅಲ್ಲಿನ ರೈತರ ಮನೆಯ ಹೆಂಗಸೊಬ್ಬರಿಗೆ ಎಲ್ಲ ಹೇಳಿದೆ. ನಾಲ್ಕು ತಿಂಗಳು ದಿನಾ ನೋಡುತ್ತಿದ್ದವರು, ನಾನು ಕೇಳಿರಲಿಲ್ಲ, ಅವರಿಗೆ ಗೊತ್ತಿರಲಿಲ್ಲ. ಹಳೇ ಬಟ್ಟೆ ಮಾರುವ ಅಂಗಡಿಗೆ ಕರೆದುಕೊಂಡು ಹೋದರು. 300 ಡಾಲರಿನಂಥದ್ದೇ ಕೋಟು 40 ಡಾಲರಿಗೆ ಸಿಕ್ಕಿತು. ಬೂಟು 25ಕ್ಕೆ. ಬಾಡಿಗೆದಾರರ ದೂರು ಕೇಳಲು ಸರ್ಕಾರಿ ಕಚೇರಿ ಇದೆ ಅಂತಲೂ ಅವರೇ ಹೇಳಿದ್ದು. ನಾವು ಕಚೇರಿಗೆ ಹೋಗಲೇ ಇಲ್ಲ. ಕೇಳಿ ವಿಚಾರಿಸಿದ್ದೇವೆ ಅಂತ ಮಾಲೀಕರಿಗೆ ಗೊತ್ತಾದ ಮೇಲೆ ಪೆಟ್ಟಿಗೆಯ ಬೀಗ ತೆರೆಯಿತು. ವಿಶ್ವವಿದ್ಯಾಲಯದ ಆಪ್ತಸಲಹೆಗಾರರನ್ನೂ ಹೋಗಿ ಕಂಡೆ. ಅಳು ಬರುವುದು ಸೋಮಾರಿತನ ಅಲ್ಲ, ಬಿಸಿಲು ಕಡಿಮೆಯಾದರೆ ಎಷ್ಟೋ ಜನರಿಗೆ ಹೀಗಾಗುತ್ತದೆ ಅಂದರು. ಮಧ್ಯಾಹ್ನ ಬಿಸಿಲಿದ್ದಾಗ ಅರ್ಧ ಗಂಟೆ ಹೊರಗೆ ನಡೆ, ಬೆಳಿಗ್ಗೆ ಪ್ರಖರ ಬೆಳಕಿನ ದೀಪದ ಮುಂದೆ ಕೂರು ಅಂದರು. ನನಗೆ ಅದು ಕೆಲಸ ಮಾಡಿತು. ವೈದ್ಯರು ವಿಟಮಿನ್ ಡಿ ಬರೆದುಕೊಟ್ಟರು.

ಮನೆಯಲ್ಲಿ ಒಂದು ಕಾನೂನು ಮಾಡಿಕೊಂಡೆವು. ದಿನದ ಫೋನಿನಲ್ಲಿ ಏನಾದರೂ ಮಾತಾಡಿ, ಆದರೆ ಭಾನುವಾರ ಪ್ರತಿಯೊಬ್ಬರೂ ಆ ವಾರದ ಒಂದು ಕಷ್ಟ ಹೇಳಲೇಬೇಕು. ಶುರುವಿನಲ್ಲಿ ಎಲ್ಲರಿಗೂ ನಾಚಿಕೆ. ಆಮೇಲೆ ಬಾಯಿ ಬಿಟ್ಟಿತು. ಟೊಮ್ಯಾಟೊ ಕೇಳುವವರಿಲ್ಲದೆ ರಸ್ತೆ ಬದಿ ಸುರಿದೆವು ಅಂತ ಅಪ್ಪ. ಸಂಘದ ಕಂತು ಎರಡು ವಾರದಿಂದ ಕಟ್ಟಿಲ್ಲ ಅಂತ ಅವ್ವ. ಗಣಿತದಲ್ಲಿ ಫೇಲು ಅಂತ ತಮ್ಮ. ಈ ವಾರ ಎರಡು ದಿನ ಲ್ಯಾಬಿಗೆ ಹೋಗಲಿಲ್ಲ, ಮಲಗಿಯೇ ಇದ್ದೆ ಅಂತ ನಾನು. ಕೇಳಿದವರು ಏನೂ ಮಾಡಲು ಆಗುತ್ತಿರಲಿಲ್ಲ. ಆದರೂ ಸೋಮವಾರ ಬೆಳಿಗ್ಗೆ ಏಳುವುದು ಸ್ವಲ್ಪ ಹಗುರಾಗಿರುತ್ತಿತ್ತು.

ಎಲ್ಲರ ಕಥೆಯೂ ನನ್ನ ಹಾಗೆ ಮುಗಿಯುವುದಿಲ್ಲ. ನಾನು ಹೋಗುವ ಕೆಲವೇ ತಿಂಗಳ ಮುಂಚೆ, 2022ರ ಜನವರಿಯಲ್ಲಿ, ವಿನ್ನಿಪೆಗ್‌ನಿಂದ ದಕ್ಷಿಣಕ್ಕೆ ಎಮರ್ಸನ್ ಎಂಬ ಗಡಿ ಊರಿನ ಹತ್ತಿರ ಗುಜರಾತಿನ ಡಿಂಗುಚಾ ಗ್ರಾಮದ ಒಂದು ಕುಟುಂಬ ಹಿಮದಲ್ಲಿ ಹೆಪ್ಪುಗಟ್ಟಿ ಸತ್ತಿತು. ಅಪ್ಪ, ಅಮ್ಮ, 11 ವರ್ಷದ ಮಗಳು, 3 ವರ್ಷದ ಮಗ. ಕಳ್ಳದಾರಿಯಲ್ಲಿ ಅಮೆರಿಕಕ್ಕೆ ದಾಟಿಸುತ್ತೇವೆ ಅಂತ ಹಣ ಪಡೆದವರು ಅವರನ್ನು ರಾತ್ರಿ ಆ ಬಯಲಲ್ಲಿ ನಡೆಯಲು ಬಿಟ್ಟಿದ್ದರು. ಹೆಣ ಸಿಕ್ಕಿದ್ದು ಗಡಿಯಿಂದ ಹನ್ನೆರಡು ಮೀಟರ್ ದೂರದಲ್ಲಿ. ನಮ್ಮ ಬಸ್ಸು ಓಡಿಸುತ್ತಿದ್ದ ಪಂಜಾಬಿನ ಹಿರಿಯರೊಬ್ಬರು ಆ ಸುದ್ದಿ ಹೇಳುವಾಗ ಪ್ರತಿ ಸಲವೂ ಅವರ ಗಂಟಲು ಕಟ್ಟುತ್ತಿತ್ತು. 'ಏಜೆಂಟ್ ಎಲ್ಲ ಹೇಳ್ತಾನೆ ಬೇಟಿ, ಚಳಿ ಬಗ್ಗೆ ಮಾತ್ರ ಹೇಳಲ್ಲ' ಅನ್ನುತ್ತಿದ್ದರು.

ಹಾಗಾಗಿ ಹೊರಡುವ ತಮ್ಮ ತಂಗಿಯರಿಗೆ ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ದಪ್ಪ ಜಾಕೆಟ್ಟನ್ನು ಇಲ್ಲಿ ಕೊಳ್ಳಬೇಡಿ, ಅಲ್ಲಿನ ಚಳಿಗೆ ಅಲ್ಲಿನ ಕೋಟೇ ಬೇಕು, ಹಳೇದಾದರೂ ಸರಿ. ಒಂದು ದಪ್ಪ ಬಟ್ಟೆಗಿಂತ ಮೂರು ಪದರ ಮೇಲು: ಮೈಗೆ ಅಂಟುವ ಥರ್ಮಲ್, ಅದರ ಮೇಲೆ ಉಣ್ಣೆ, ಹೊರಗೆ ಗಾಳಿ ತಡೆಯುವುದು. ಮೈಗೆ ಹತ್ತಿ ಬಟ್ಟೆ ಬೇಡ, ಬೆವರು ಹೀರಿ ಒದ್ದೆಯಾಗಿ ಚಳಿ ಹೆಚ್ಚಿಸುತ್ತದೆ. ಐದು ಬೆರಳಿನ ಗವುಸಿಗಿಂತ ನಾಲ್ಕೂ ಬೆರಳು ಒಟ್ಟಿಗಿರುವ ಚೀಲದಂಥ ಗವುಸು ಬೆಚ್ಚಗಿರುತ್ತದೆ. ಫೋನು ಒಳಜೇಬಿನಲ್ಲಿರಲಿ. ಮಂಜುಗಡ್ಡೆ ಮೇಲೆ ಮಳೆಗಾಲದಲ್ಲಿ ಗದ್ದೆ ಬದು ಮೇಲೆ ನಡೆಯುವ ಹಾಗೆ ನಡೆಯಿರಿ, ಚಿಕ್ಕ ಹೆಜ್ಜೆ, ಪಾದ ಚಪ್ಪಟೆ. ನೋವು ನಿಂತರೆ ಸಂತೋಷಪಡಬೇಡಿ, ಹತ್ತಿರದ ಬಾಗಿಲು ತಟ್ಟಿ ಒಳಗೆ ಹೋಗಿ. ಫೀಸಿನಲ್ಲಿ ಯಾವ ವಿಮೆ ಇದೆ ಅಂತ ಮೊದಲ ವಾರವೇ ಕೇಳಿ.

ದುಡ್ಡಿನ ಲೆಕ್ಕವನ್ನೂ ಸರಿಯಾಗಿ ಹಾಕಿ. ಓದಲು ಬರುವವರು ಫೀಸು, ಟಿಕೆಟ್ಟು ಬಿಟ್ಟು ಜೀವನಕ್ಕೆ 10,000 ಡಾಲರ್ ತೋರಿಸಬೇಕು ಅಂತಿದ್ದ ನಿಯಮವನ್ನು ಕೆನಡಾ 2024ರ ಜನವರಿಯಿಂದ 20,635 ಡಾಲರಿಗೆ ಏರಿಸಿತು. ಆಮೇಲೆಯೂ ಅದು ಏರಿದೆ. ಹಳೇ ಲೆಕ್ಕ ಹೇಳುವ ಏಜೆಂಟನ್ನು ನಂಬಬೇಡಿ. ಚಳಿಯ ಬಟ್ಟೆಯ ದುಡ್ಡನ್ನು ಆ ಲೆಕ್ಕದಲ್ಲೇ ಬರೆದುಕೊಳ್ಳಿ, ಉಳಿದರೆ ನೋಡೋಣ ಅನ್ನಬೇಡಿ.

ಎರಡನೇ ಚಳಿಗಾಲವೂ ಅಷ್ಟೇ ಕತ್ತಲೆ ಇತ್ತು. ಆದರೆ ಆ ವರ್ಷ ನಾನು ನದಿಯ ಮೇಲೆ ನಡೆದೆ. ಹುರುಳಿ ಬಸ್ಸಾರು ಮಾಡಿ ನೈಜೀರಿಯಾದ ಅಕ್ಕನಿಗೂ ಮುದ್ದೆ ನುಂಗುವುದು ಕಲಿಸಿದೆ. ಅವರ ಊರಲ್ಲೂ ಮುದ್ದೆಯಂಥದ್ದೇ ಊಟ ಇದೆಯಂತೆ, ಅವರೇ ನನಗೆ ಕಲಿಸಿದ ಹಾಗಾಯಿತು. ಓದು ಮುಗಿಸಿ ಊರಿಗೆ ಬರುವಾಗ ಚೀಲದಲ್ಲಿ ಅಪ್ಪನಿಗೆ ಅಂತ ಎರಡು ಜೊತೆ ಉಣ್ಣೆ ಕಾಲುಚೀಲ, ಒಂದು ಜೊತೆ ಬೂಟು ತಂದೆ. ಬೂಟನ್ನು ಅಪ್ಪ ಒಂದು ದಿನ ಹಾಕಿ, 'ಇದ್ರಲ್ಲಿ ಓಡಕ್ಕಾಗಲ್ಲ, ಆನೆ ಬಂದ್ರೆ ಏನ್ ಮಾಡದು' ಅಂತ ಮೂಲೆಗಿಟ್ಟ. ಕಾಲುಚೀಲ ಮಾತ್ರ ದಿನಾ ರಾತ್ರಿ ಹಾಕಿಕೊಂಡು ಕಾವಲಿಗೆ ಹೋಗುತ್ತಾನೆ. ಅಟ್ಟಣೆಗೆ ತಮ್ಮ ಒಂದು ಕೈಹಿಡಿ ಕಟ್ಟಿದ್ದಾನೆ.

ಈಗ ನಮ್ಮೂರಲ್ಲಿ ಮಾಗಿ. ಬೆಟ್ಟ ಕಾಣುತ್ತಿಲ್ಲ. ಬೆಳಿಗ್ಗೆ ತಣ್ಣೀರು ಮುಟ್ಟಿದರೆ ನನ್ನ ಆ ಎರಡು ಬೆರಳು ಈಗಲೂ ಬೆಳ್ಳಗಾಗಿ ಜುಂ ಅನ್ನುತ್ತವೆ. ಒಮ್ಮೆ ಹೆಪ್ಪುಗಟ್ಟಿದ ಜಾಗ ಚಳಿಯನ್ನು ಮರೆಯುವುದಿಲ್ಲ ಅಂತ ನರ್ಸ್ ಹೇಳಿದ್ದರು.

ಹೋದ ವಾರ ಪಕ್ಕದ ಬೀದಿಯ ಹುಡುಗನೊಬ್ಬ ಅವನ ಅವ್ವನ ಜೊತೆ ಮನೆಗೆ ಬಂದಿದ್ದ. ಅವನಿಗೂ ಕೆನಡಾದ ಕಾಲೇಜು ಸಿಕ್ಕಿದೆ. ಅವನು ಬಾಡಿಗೆ, ಕೆಲಸ, ಬಸ್ ಪಾಸು ಅಂತ ಕೇಳುತ್ತಲೇ ಇದ್ದ. ಅವನ ಅವ್ವ ಬಾಗಿಲ ಹತ್ತಿರ ಕೂತು, ಎಲ್ಲ ಮುಗಿದ ಮೇಲೆ ಒಂದೇ ಮಾತು ಕೇಳಿದರು.

"ಅಲ್ಲಿ ಚಳಿ ಹೆಂಗದ ಕೂಸೆ?"

ನಾನು ಕೈ ಚಾಚಿ ಬೆರಳು ತೋರಿಸಿದೆ. ಎಲ್ಲ ಹೇಳಿದೆ. ಅವರು ನನ್ನ ಬೆರಳನ್ನು ಹಿಡಿದುಕೊಂಡೇ ಮಗನ ಕಡೆ ತಿರುಗಿ ಅಂದರು: "ಕೋಟಿಂದು ದುಡ್ಡು ಬ್ಯಾರೆ ಎತ್ತಿಡ್ತೀನಿ ಕನ ಮಗ. ಅದ್ನ ನಂಗೆ ವಾಪಸ್ ಕಳ್ಸ್ಬ್ಯಾಡ."